ಕಿರಿಯರ ಸುಧಾರಣಾಲಯಗಳ ವಿನ್ಯಾಸ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿನ್ನೆಲೆಯಲ್ಲಿ

ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ, ಹದಿನೆಂಟು ವರ್ಷ ತುಂಬದ ಮಕ್ಕಳನ್ನು ಇರಿಸಿಕೊಳ್ಳುವ ವಸತಿ ಸಂಸ್ಥೆಗಳನ್ನು ಜನ ಈಗಲೂ ‘ರಿಮ್ಯಾಂಡ್ ಹೋಂ’ ಎಂದೇ ಕರೆಯುತ್ತಾರೆ. 2015ರ ಬಾಲ ನ್ಯಾಯ ಕಾಯ್ದೆ ಇವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ವಿಚಾರಣೆ ಮುಗಿಯುವ ತನಕ ಇರಿಸುವುದು ವೀಕ್ಷಣಾಲಯ. ತಪ್ಪು ಸಾಬೀತಾದ ಮೇಲೆ ಗರಿಷ್ಠ 3 ವರ್ಷದವರೆಗೆ ಇರಿಸುವುದು ವಿಶೇಷ ಗೃಹ. ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ವಯಸ್ಸಿನವರಿಗೂ ಪ್ರಕರಣ ಮುಗಿಯುವ ಮೊದಲೇ 18 ದಾಟಿದವರಿಗೂ ಇರುವುದು ಸುರಕ್ಷತಾ ಸ್ಥಳ. ವೀಕ್ಷಣಾಲಯ ಪ್ರತಿ ಜಿಲ್ಲೆಗೊಂದು ಅಥವಾ ಕೆಲವು ಜಿಲ್ಲೆಗಳ ಗುಂಪಿಗೊಂದು ಇರಬೇಕು. ಸುರಕ್ಷತಾ ಸ್ಥಳ ರಾಜ್ಯಕ್ಕೆ ಒಂದಾದರೂ ಇರಬೇಕು. ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಮಗುವನ್ನು ಯಾವ ಕಾರಣಕ್ಕೂ ಇಡುವಂತಿಲ್ಲ ಎಂಬುದು ಕಾಯ್ದೆಯ 10ನೇ ಪ್ರಕರಣದ ನಿಯಮ.

ಈ ಲೇಖನ ಇಂಥ ಕಟ್ಟಡಗಳ ರಚನೆಯನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ನೆಲ, ನೀರು, ದಾರಿಗಳ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ. ಹಾಗೆ ಮಾಡಲು ಒಂದು ವಿಶೇಷ ಕಾರಣವಿದೆ. ಬೇಲಿಗಿಂತ ಭರವಸೆಯ ಮೇಲೆ ನಡೆಯುವ ಕರ್ನಾಟಕದ ಬಯಲು ಬಂದೀಖಾನೆ ಇರುವುದು ಇದೇ ಜಿಲ್ಲೆಯಲ್ಲಿ. ಆದರೆ ಅದು ದೊಡ್ಡವರದು.

ಕೋರಮಂಗಲದ ಬಯಲು ಬಂದೀಖಾನೆ

ದೇವನಹಳ್ಳಿ ತಾಲ್ಲೂಕಿನ ಕೋರಮಂಗಲ ಗ್ರಾಮದಲ್ಲಿ (ಬೆಂಗಳೂರು ನಗರದ ಬಡಾವಣೆಯ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬಾರದು) ಸುಮಾರು 80 ಕೈದಿಗಳಿಗೆ ಜಾಗವಿರುವ ಬಯಲು ಬಂದೀಖಾನೆಯಿದೆ. ಶಿಕ್ಷೆಯ ಒಂದು ಭಾಗವನ್ನು ಕಾರಾಗೃಹದಲ್ಲಿ ಕಳೆದು, ನಡತೆಯಿಂದ ಅಧಿಕಾರಿಗಳ ನಂಬಿಕೆ ಗಳಿಸಿದವರನ್ನು ಆರಿಸಿ ಇಲ್ಲಿಗೆ ಕಳಿಸುತ್ತಾರೆ. ಬೇಸಾಯ, ತೋಟ, ಹೈನುಗಳೇ ಇಲ್ಲಿನ ದಿನಚರಿ. ಎತ್ತರದ ಗೋಡೆಯಾಗಲಿ ಕಾವಲು ಗೋಪುರವಾಗಲಿ ಇಂಥ ಸಂಸ್ಥೆಯ ಆಧಾರವಲ್ಲ. ಓಡಿಹೋದರೆ ಮತ್ತೆ ಸೆರೆಮನೆಯ ಒಳಕ್ಕೇ ಹೋಗಬೇಕು ಎಂಬ ಅರಿವು ಮತ್ತು ಬಿಡುಗಡೆ ಹತ್ತಿರವಿದೆ ಎಂಬ ಆಸೆ, ಇವೆರಡೇ ಕಾವಲು.

ಈ ಪ್ರಯೋಗದ ಬೇರು ಹಳೆಯದು. ಔಂಧ್ ಸಂಸ್ಥಾನದಲ್ಲಿ 1939ರ ಹೊತ್ತಿಗೆ ಸ್ವತಂತ್ರಪುರವೆಂಬ ಬಯಲು ವಸಾಹತು ಆರಂಭವಾಯಿತು. ವಿ. ಶಾಂತಾರಾಂ ಅವರ 1957ರ ಹಿಂದಿ ಚಿತ್ರ ‘ದೋ ಆಂಖೇ ಬಾರಹ ಹಾಥ್’ ಅದರಿಂದಲೇ ಹುಟ್ಟಿದ್ದು. ರಾಜಸ್ಥಾನದ ಸಾಂಗಾನೇರಿನ ಬಯಲು ಬಂದೀಖಾನೆಯಲ್ಲಿ ಕೈದಿಗಳು ಹೆಂಡತಿ ಮಕ್ಕಳೊಂದಿಗೆ ವಾಸಿಸಿ, ಹಗಲು ಊರೊಳಗೆ ದುಡಿದು, ಸಂಜೆಯ ಹಾಜರಿಗೆ ಹಿಂತಿರುಗುತ್ತಾರೆ.

ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ನಲವತ್ತರ ಗಂಡಸಿನ ಕೈಗೆ ಗುದ್ದಲಿ ಕೊಟ್ಟು ನಂಬಬಹುದು ಎನ್ನುವ ವ್ಯವಸ್ಥೆಯೇ, ಮೊಬೈಲ್ ಕದ್ದ ಆರೋಪದ ಹದಿನೈದರ ಹುಡುಗನನ್ನು ಕಬ್ಬಿಣದ ಕೊಲ್ಯಾಪ್ಸಿಬಲ್ ಬಾಗಿಲ ಹಿಂದೆ ಇಡುವುದು ಸಾಮಾನ್ಯವಾಗಿದೆ. ಇದಕ್ಕೆ ಆಡಳಿತದ ಕಡೆಯಿಂದ ಒಂದು ಸಮಜಾಯಿಷಿ ಇದೆ. ಬಯಲು ಬಂದೀಖಾನೆಗೆ ಬರುವವರು ವರ್ಷಗಟ್ಟಲೆ ನೋಡಿ ಆರಿಸಿದವರು. ವೀಕ್ಷಣಾಲಯಕ್ಕೆ ಬರುವ ಮಗು ನಿನ್ನೆ ರಾತ್ರಿ ಹಿಡಿದು ತಂದದ್ದು, ಅದರ ಗುಣಸ್ವಭಾವ ಯಾರಿಗೂ ಗೊತ್ತಿಲ್ಲ. ಈ ಮಾತಿನಲ್ಲಿ ಹುರುಳಿದೆ. ಆದರೆ ಅದು ಮೊದಲ ಕೆಲವು ವಾರಗಳಿಗೆ ಸಲ್ಲುವ ಮಾತು. ವಿಶೇಷ ಗೃಹದಲ್ಲಿ ಎರಡು ವರ್ಷ ಕಳೆಯುವ ಹುಡುಗನಿಗೂ ಅದೇ ಬಾಗಿಲು ಏಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಚರಿತ್ರೆ

ಮಕ್ಕಳನ್ನು ವಯಸ್ಕ ಕೈದಿಗಳಿಂದ ಬೇರೆಯಿಡಬೇಕೆಂಬ ಕಾನೂನಿನ ಯತ್ನ ಭಾರತದಲ್ಲಿ 1850ರ ಅಪ್ರೆಂಟಿಸ್ ಕಾಯ್ದೆಯಿಂದ ಶುರುವಾಗುತ್ತದೆ. ಮುಂಬಯಿಯಲ್ಲಿ 1857ರಲ್ಲಿ ಡೇವಿಡ್ ಸಸೂನ್ ಹೆಸರಿನ ಸುಧಾರಣಾ ಶಾಲೆ ತೆರೆಯಿತು. 1876ರಲ್ಲಿ ಬಂದು 1897ರಲ್ಲಿ ಪರಿಷ್ಕೃತವಾದ ಸುಧಾರಣಾ ಶಾಲೆಗಳ ಕಾಯ್ದೆ 15 ವರ್ಷದೊಳಗಿನ ಹುಡುಗರನ್ನು ಜೈಲಿನ ಬದಲು ಶಾಲೆಗೆ ಕಳಿಸಲು ಅವಕಾಶ ಕೊಟ್ಟಿತು. ಕಟ್ಟಡಗಳ ಮಾದರಿ ಮಾತ್ರ ಬದಲಾಗಲಿಲ್ಲ. ಮುಂಬಯಿ ಡೋಂಗ್ರಿಯ ಮಕ್ಕಳ ವೀಕ್ಷಣಾಲಯ ಇರುವುದು ಹಳೆಯ ಉಮರ್‌ಖಾಡಿ ಜೈಲಿನಲ್ಲೇ. 1882ರಲ್ಲಿ ತಿಲಕರು ಮತ್ತು ಅಗರ್ಕರರು 101 ದಿನ ಸೆರೆಯಲ್ಲಿದ್ದ ಜಾಗ ಅದು.

ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಮಕ್ಕಳ ಕಾನೂನೂ ಹಾಗೆಯೇ ಹಂಚಿಹೋಗಿತ್ತು. ಬಳ್ಳಾರಿ, ದಕ್ಷಿಣ ಕನ್ನಡಗಳಿಗೆ 1920ರ ಮದ್ರಾಸ್ ಮಕ್ಕಳ ಕಾಯ್ದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳಿಗೆ 1924ರ ಮುಂಬಯಿ ಕಾಯ್ದೆ. 1919–20ರ ಭಾರತೀಯ ಜೈಲುಗಳ ಸಮಿತಿ ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಬೇಕೆಂದು ಒತ್ತಾಯಿಸಿದ್ದು ಈ ಕಾಯ್ದೆಗಳಿಗೆಲ್ಲ ಚಾಲನೆ ಕೊಟ್ಟಿತು. ಏಕೀಕರಣದ ನಂತರ 1964ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಮಕ್ಕಳ ಕಾಯ್ದೆ ಬಂತು. 1986ರಲ್ಲಿ ದೇಶಕ್ಕೆಲ್ಲ ಒಂದೇ ಬಾಲ ನ್ಯಾಯ ಕಾಯ್ದೆಯಾಯಿತು. ಹುಡುಗರ ವಯೋಮಿತಿ ಅದರಲ್ಲಿ 16. ಅದು 18ಕ್ಕೆ ಏರಿದ್ದು 2000ದ ಕಾಯ್ದೆಯಲ್ಲಿ.

ಹದಿಹರೆಯ ದಾಟುತ್ತಿರುವವರಿಗಾಗಿ ಕರ್ನಾಟಕದಲ್ಲಿದ್ದ ಮುಖ್ಯ ಸಂಸ್ಥೆ ಧಾರವಾಡದ ಬೋರ್‌ಸ್ಟಲ್ ಶಾಲೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಬೋರ್‌ಸ್ಟಲ್ ಹಳ್ಳಿಯಲ್ಲಿ 1902ರಲ್ಲಿ ಎವೆಲಿನ್ ರಗಲ್ಸ್-ಬ್ರೈಸ್ ಶುರುಮಾಡಿದ ಪದ್ಧತಿಯನ್ನು ಮುಂಬಯಿ ಪ್ರಾಂತ 1929ರ ಕಾಯ್ದೆಯಿಂದ ತನ್ನದಾಗಿಸಿಕೊಂಡಿತು. 16ರಿಂದ 21ರ ತರುಣರಿಗೆ ಕವಾಯತು, ಕಸುಬು, ಪಾಠ. ಬೋರ್‌ಸ್ಟಲ್ ಪದ್ಧತಿಯನ್ನು ಅದರ ತವರಾದ ಬ್ರಿಟನ್ನೇ 1982ರಲ್ಲಿ ಕೈಬಿಟ್ಟಿತು. ಭಾರತದಲ್ಲಿ ವಯೋಮಿತಿ 18ಕ್ಕೆ ಏರಿದ ಮೇಲೆ ಬೋರ್‌ಸ್ಟಲ್‌ಗಳಿಗೆ ಉಳಿದದ್ದು 18ರಿಂದ 21ರ ಸಣ್ಣ ಗುಂಪು ಮಾತ್ರ. ಆ ಗುಂಪಿನ ವಿಷಯದಲ್ಲಿ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಪ್ರಕರಣ ಇನ್ನೂ ಜೀವಂತವಾಗಿದೆ. ಜೀವಾವಧಿಯಷ್ಟು ಗಂಭೀರವಲ್ಲದ ಅಪರಾಧಗಳಲ್ಲಿ 21 ತುಂಬದವರನ್ನು ಸೆರೆಗೆ ಕಳಿಸುವ ಮೊದಲು ನ್ಯಾಯಾಲಯ ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡು, ಸೆರೆಯೇ ಏಕೆ ಬೇಕೆಂದು ಕಾರಣ ಬರೆಯಬೇಕು. ಬಳಕೆ ಕಡಿಮೆ.

ಮಕ್ಕಳು ಎಷ್ಟು?

2016–17ರಲ್ಲಿ ಕೇಂದ್ರ ಸರ್ಕಾರ ದೇಶದ 9,589 ಮಕ್ಕಳ ಪಾಲನಾ ಸಂಸ್ಥೆಗಳ ಸಮೀಕ್ಷೆ ಮಾಡಿಸಿತು. ಅವುಗಳಲ್ಲಿದ್ದ ಸುಮಾರು 3.77 ಲಕ್ಷ ಮಕ್ಕಳಲ್ಲಿ ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದವರು 7,422 ಮಂದಿ. ಉಳಿದವರೆಲ್ಲ ಅನಾಥರು, ಮನೆ ಬಿಟ್ಟವರು, ಪಾಲನೆ ರಕ್ಷಣೆ ಬೇಕಾದವರು. ಇಷ್ಟು ದೊಡ್ಡ ದೇಶಕ್ಕೆ ಏಳೂವರೆ ಸಾವಿರ ಮಕ್ಕಳೆಂದರೆ ಜಿಲ್ಲೆಯೊಂದಕ್ಕೆ ಸರಾಸರಿ ಹತ್ತಿಪ್ಪತ್ತರ ಲೆಕ್ಕ. ಜಾಮೀನಿನ ನಿಯಮವೂ ಮಕ್ಕಳ ಪರವಾಗಿದೆ: ಅಪರಾಧ ಜಾಮೀನಿಗೆ ಅರ್ಹವೋ ಅಲ್ಲವೋ ಎಂದು ನೋಡದೆ, ಬಿಟ್ಟರೆ ಮಗು ಅಪಾಯಕ್ಕೆ ಅಥವಾ ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ನ್ಯಾಯದ ಉದ್ದೇಶ ಕೆಡುತ್ತದೆ ಎಂದು ನಂಬಲು ಆಧಾರವಿದ್ದಾಗ ಮಾತ್ರ ಜಾಮೀನು ನಿರಾಕರಿಸಬೇಕು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು 2015ರ ಕಾಯ್ದೆಯ 3ನೇ ಪ್ರಕರಣವೇ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ಹಿಡಿಯಲ್ಪಡುವ ಕಿರಿಯರಲ್ಲಿ ಮುಕ್ಕಾಲು ಪಾಲು 16ರಿಂದ 18ರವರು, ಬಹುಪಾಲು ಮಕ್ಕಳು ಹೆತ್ತವರ ಜೊತೆಗೇ ಇದ್ದವರು.

ಕಟ್ಟಡದ ಲೆಕ್ಕ ಶುರುವಾಗಬೇಕಾದದ್ದು ಇಲ್ಲಿಂದ. ಬೇಕಿರುವುದು ದೊಡ್ಡ ಕ್ಯಾಂಪಸ್ಸು ಅಲ್ಲವೇ ಅಲ್ಲ. ಹತ್ತು ಹನ್ನೆರಡು ಹದಿಹರೆಯದವರು ಇರಬಲ್ಲ, ಮನೆಯವರು ಬಂದು ಹೋಗಬಲ್ಲಷ್ಟು ಹತ್ತಿರದ ಮನೆ. ಸರ್ಕಾರದ ಮಾದರಿ ಲೆಕ್ಕ ಮಾತ್ರ 50 ಮಕ್ಕಳ ಘಟಕಕ್ಕೆ ಬರೆದದ್ದು. ಮಕ್ಕಳ ಅಗತ್ಯಕ್ಕೂ ಆ 50ರ ಸಂಖ್ಯೆಗೂ ಸಂಬಂಧ ತೀರಾ ಕಡಿಮೆ.

ನಲವತ್ತು ಚದರಡಿ

ಬಾಲ ನ್ಯಾಯ ಮಾದರಿ ನಿಯಮಗಳಲ್ಲಿ (2007, 2016) ಕಟ್ಟಡದ ವಿವರ ಕೋಣೆ ಕೋಣೆಯಾಗಿ ಇದೆ. 50 ಮಕ್ಕಳಿಗೆ ತಲಾ 1,000 ಚದರಡಿಯ ಎರಡು ಮಲಗುವ ಹಜಾರಗಳು. 300 ಚದರಡಿಯ ಎರಡು ತರಗತಿಗಳು. 800 ಚದರಡಿಯ ಊಟದ ಮನೆ, 250ರ ಅಡುಗೆಮನೆ, 500ರ ಗ್ರಂಥಾಲಯ. 120 ಚದರಡಿಯ ಆಪ್ತಸಮಾಲೋಚನೆಯ ಕೋಣೆ. 15 ಮಕ್ಕಳು ಕಸುಬು ಕಲಿಯಲು 1,125 ಚದರಡಿಯ ಕಾರ್ಯಾಗಾರ. ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಬಚ್ಚಲು. ಒಟ್ಟು ಸುಮಾರು 8,500 ಚದರಡಿ. ಸಂಸ್ಥೆ ಮಗುಸ್ನೇಹಿಯಾಗಿರಬೇಕು, ಯಾವ ರೀತಿಯಲ್ಲೂ ಜೈಲಿನಂತೆ ಅಥವಾ ಲಾಕಪ್ಪಿನಂತೆ ಕಾಣಕೂಡದು ಎಂದೂ ನಿಯಮ ಹೇಳುತ್ತದೆ.

ಈ ಪಟ್ಟಿಯನ್ನು ಓದುವಾಗ ಎರಡು ಸಂಗತಿ ಎದ್ದು ಕಾಣುತ್ತವೆ. ಮೊದಲನೆಯದು, ಆರೈಕೆ ಕೋಣೆಯಲ್ಲಿ ಕಾಯಿಲೆಯ ಮಗುವಿಗೆ 75 ಚದರಡಿ ಕೊಟ್ಟವರು ಆರೋಗ್ಯವಂತ ಮಗು ಮಲಗಲು ಕೊಟ್ಟದ್ದು 40. ಮಂಚವೇ 18 ಚದರಡಿ ತಿನ್ನುತ್ತದೆ. ಮಿಕ್ಕ 22ರಲ್ಲಿ ಓಡಾಟದ ದಾರಿ, ಟ್ರಂಕು, ಒಗೆದ ಬಟ್ಟೆ. ಎರಡನೆಯದು, 25 ಹುಡುಗರು ಒಂದೇ ಹಜಾರದಲ್ಲಿ ಮಲಗಬೇಕು. ದೊಡ್ಡ ಹಾಸ್ಟೆಲಿನಲ್ಲಿ ಓದಿದವರಿಗೆ ರಾತ್ರಿ ದೀಪ ಆರಿದ ಮೇಲೆ ಅಲ್ಲಿ ಯಾರ ರಾಜ್ಯ ನಡೆಯುತ್ತದೆ ಎಂದು ಹೇಳಬೇಕಿಲ್ಲ. ಹದಿನೇಳರ ದಾಂಡಿಗ ಮತ್ತು ಹನ್ನೆರಡರ ಪುಟ್ಟವ ಒಂದೇ ಸೂರಿನಡಿ ಇರಬಾರದೆಂದು 7–11, 12–16, 16–18 ಎಂದು ವಯೋಗುಂಪು ಮಾಡಬೇಕೆಂಬ ಸೂಚನೆಯಿದೆ. ಎರಡೇ ಹಜಾರಗಳಲ್ಲಿ ಮೂರು ಗುಂಪು ಮಾಡುವುದು ಹೇಗೆಂದು ಪಟ್ಟಿ ಹೇಳುವುದಿಲ್ಲ.

ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ಹವಾನಾ ನಿಯಮಗಳು ಇನ್ನೊಂದು ದಾರಿ ತೋರುತ್ತವೆ: ಸಣ್ಣ ಗುಂಪಿನ ಮಲಗುವ ಕೋಣೆ ಅಥವಾ ಒಬ್ಬೊಬ್ಬರಿಗೆ ಒಂದು ಕೋಣೆ, ರಾತ್ರಿ ಕಣ್ಣಿಗೆ ಹೊಡೆಯದ ಮೇಲ್ವಿಚಾರಣೆ, ಖಾಸಗಿತನ, ಇಂದ್ರಿಯಗಳಿಗೆ ಚೇತನ ಕೊಡುವ ಪರಿಸರ, ಆಟ. ಅದೇ ಸಾವಿರ ಚದರಡಿಯನ್ನು ಐದೈದು ಮಕ್ಕಳ ಐದು ಕೋಣೆಗಳಾಗಿ ಒಡೆದು, ಅವೆಲ್ಲ ಒಂದು ನಡುಮನೆಗೆ ತೆರೆದುಕೊಳ್ಳುವಂತೆ ಮಾಡಿದರೆ ಗೋಡೆಗೂ ನಡೆಗೂ ಸ್ವಲ್ಪ ಹೆಚ್ಚಿನ ಜಾಗ ಬೇಕಾಗುತ್ತದೆ. ಖರ್ಚಿನ ಏರಿಕೆ ಹೇಳಿಕೊಳ್ಳುವಷ್ಟಲ್ಲ, ಲಾಭ ಮಾತ್ರ ಬಹಳ: ವಯೋಗುಂಪು ಸಾಧ್ಯವಾಗುತ್ತದೆ, ಹೊಸದಾಗಿ ಬಂದ ಮಗುವನ್ನು ಮೊದಲ ವಾರ ಬೇರೆ ಇರಿಸಬಹುದು, ಜಗಳವಾದಾಗ ಕೋಣೆ ಬದಲಿಸಬಹುದು.

ಆಪ್ತಸಮಾಲೋಚನೆಯ 120 ಚದರಡಿಯ ಕೋಣೆ ಸಾಮಾನ್ಯವಾಗಿ ಕಚೇರಿಯ ಪಕ್ಕಕ್ಕೆ ಬಂದುಬಿಡುತ್ತದೆ. ಅಧೀಕ್ಷಕರ ಕಿವಿಗೆ ಬೀಳುವಷ್ಟು ಹತ್ತಿರ ಕುಳಿತು ಯಾವ ಹುಡುಗ ಏನು ಹೇಳಿಯಾನು? ಇದು ಕಾಸಿನ ಸಮಸ್ಯೆಯಲ್ಲ, ನಕ್ಷೆ ಬರೆಯುವವರ ಮರೆವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ ಹತ್ತು ವರ್ಷಗಳಿಂದ ಪಾಲನಾ ಸಂಸ್ಥೆಗಳ ಮಕ್ಕಳ ಜೊತೆ ಸಮುದಾಯ ಯೋಜನೆಗಳ ಮೂಲಕ ಕೆಲಸ ಮಾಡುತ್ತಿದೆ. ಅಂಥ ಕೆಲಸಕ್ಕೆ ಬೇಕಾದದ್ದು ಬಾಗಿಲು ಮುಚ್ಚಬಹುದಾದ, ಕಿಟಕಿಯಿಂದ ಒಳಗೆ ಕಾಣಬಹುದಾದ, ಮಾತು ಹೊರಬೀಳದ ಕೋಣೆ.

ಮಂಡಳಿಯ ಕೋಣೆ

ಈ ಮಕ್ಕಳ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯಲ್ಲಿ ಮೂವರಿರುತ್ತಾರೆ: ಒಬ್ಬ ದಂಡಾಧಿಕಾರಿ, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಮಂಡಳಿ ಕೂರುವ ಕೋಣೆಯ ಬಗ್ಗೆ ಮಾದರಿ ನಿಯಮದಷ್ಟು ಖಚಿತವಾದ ವಾಸ್ತು ಸೂಚನೆ ನಮ್ಮ ಕಾನೂನು ಪುಸ್ತಕಗಳಲ್ಲಿ ಅಪರೂಪ. ಎತ್ತರದ ವೇದಿಕೆ ಇರಕೂಡದು. ಸಾಕ್ಷಿಕಟ್ಟೆ, ಸರಳು ಮುಂತಾದ ಯಾವ ಅಡ್ಡವೂ ಮಂಡಳಿಗೂ ಮಗುವಿಗೂ ನಡುವೆ ಇರಕೂಡದು. ಕೋಣೆ ಕೋರ್ಟಿನಂತೆ ಕಾಣಕೂಡದು, ನ್ಯಾಯಾಲಯದ ಆವರಣದಲ್ಲಾಗಲಿ ಜೈಲಿನ ಆವರಣದಲ್ಲಾಗಲಿ ಮಂಡಳಿ ಸೇರಕೂಡದು. ಮಗುವನ್ನು ಕರೆತರುವ ಪೊಲೀಸರು ಸಮವಸ್ತ್ರದಲ್ಲಿರುವಂತಿಲ್ಲ.

ಒಂದು ಮೇಜು, ಸಮಾನ ಎತ್ತರದ ಕುರ್ಚಿಗಳು, ಹೆತ್ತವರಿಗೆ ಕೂರಲು ಬೆಂಚು, ಕಾಯುವವರಿಗೆ ನೆರಳು ಮತ್ತು ಶೌಚಾಲಯ: ಇಷ್ಟೇ ಬೇಕಿರುವುದು. ಇವುಗಳಲ್ಲಿ ಬಹಳ ಸಲ ಮರೆತುಹೋಗುವುದು ಕೊನೆಯದು. ದೊಡ್ಡಬಳ್ಳಾಪುರದ ಮಗ್ಗದ ಮನೆಯಿಂದಲೋ ದಾಬಸ್‌ಪೇಟೆಯ ಗೋದಾಮಿನಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ ಬಿಸಿಲಲ್ಲಿ ಗೇಟಿನ ಹೊರಗೆ ನಿಂತಿದ್ದರೆ, ಒಳಗಿನ ಕೋಣೆ ಎಷ್ಟೇ ಮಗುಸ್ನೇಹಿಯಾಗಿದ್ದರೂ ಅವಳಿಗೆ ಅದು ಕೋರ್ಟೇ.

ಕಾವಲು ಮತ್ತು ನೋಟ

ಬೆಂಗಳೂರಿನ ಗಾಂಧಿನಗರದ ಹತ್ತಿರ ಹತ್ತೊಂಬತ್ತನೆಯ ಶತಮಾನದ ಸೆಂಟ್ರಲ್ ಜೈಲು ಇದ್ದ ಜಾಗ ಈಗ ಫ್ರೀಡಂ ಪಾರ್ಕ್. ನಡುವೆ ಕಾವಲು ಗೋಪುರ, ಅದರಿಂದ ಕಿರಣದಂತೆ ಚಾಚಿದ ಬ್ಯಾರಕ್ಕುಗಳು. ವಾಸ್ತುಶಿಲ್ಪಿಗಳಾದ ಸೌಮಿತ್ರೊ ಘೋಷ್ ಮತ್ತು ನಿಶಾ ಮ್ಯಾಥ್ಯೂ ಘೋಷ್ ಅದನ್ನು ಉದ್ಯಾನವಾಗಿ ಮಾರ್ಪಡಿಸುವಾಗ ಗೋಪುರವನ್ನು ಉಳಿಸಿಕೊಂಡರು. 2008ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಉದ್ಯಾನಕ್ಕೆ ಹೋದವರು ಗೋಪುರದ ಬುಡದಲ್ಲಿ ನಿಂತು ಸುತ್ತ ನೋಡಿದರೆ ಹಳೆಯ ಜೈಲು ವಿನ್ಯಾಸದ ತಿರುಳು ಒಂದೇ ನೋಟಕ್ಕೆ ತಿಳಿಯುತ್ತದೆ: ಒಬ್ಬನು ಎಲ್ಲರನ್ನೂ ನೋಡಬಲ್ಲ. ಜೆರೆಮಿ ಬೆಂಥಾಮ್ 1791ರಲ್ಲಿ ಪ್ರಕಟಿಸಿದ ಕಲ್ಪನೆಯ ದೂರದ ಸಂತತಿ ಇದು. ಇಂದು ಗೋಪುರದ ಕೆಲಸವನ್ನು ಸಿಸಿಟಿವಿ ಮಾಡುತ್ತಿದೆ.

ಮಕ್ಕಳ ಮನೆಗೆ ಮೇಲ್ವಿಚಾರಣೆ ಬೇಡವೆಂದಲ್ಲ. ತಮಗೆ ತಾವೇ ಹಾನಿ ಮಾಡಿಕೊಳ್ಳುವ, ಬಲವಾದವನು ಎಳೆಯವನನ್ನು ಹಿಂಸಿಸುವ ಅಪಾಯ ನಿಜವಾದದ್ದು. ಆದರೆ ನೋಟಕ್ಕೆ ನಮ್ಮ ಕಡೆಯ ತೊಟ್ಟಿ ಮನೆಯಲ್ಲೇ ಬೇರೊಂದು ಉಪಾಯವಿದೆ. ನಡುವೆ ಬಯಲು ತೊಟ್ಟಿ, ನಾಲ್ಕೂ ಕಡೆ ಪಡಸಾಲೆ, ಪಡಸಾಲೆಗೆ ತೆರೆದ ಕೋಣೆಗಳು. ಅಡುಗೆಯವರು, ಗೃಹಪಾಲಕರು, ಪಾಠ ಹೇಳುವವರು ತಮ್ಮ ಕೆಲಸ ಮಾಡುತ್ತಲೇ ಎಲ್ಲರ ಓಡಾಟ ಕಾಣಬಲ್ಲರು. ಮಕ್ಕಳೂ ಅವರನ್ನು ಕಾಣಬಲ್ಲರು. ಬಚ್ಚಲು ಮತ್ತು ಶೌಚಾಲಯಗಳನ್ನು ಹಿತ್ತಲಿನ ತುದಿಗೆ ತಳ್ಳುವ ಅಭ್ಯಾಸವನ್ನು ಮಾತ್ರ ಇಲ್ಲಿ ಬಿಡಬೇಕು. ಕಿರುಕುಳ ನಡೆಯುವುದು ಅಂಥ ಮೂಲೆಗಳಲ್ಲೇ. ಬಾಗಿಲು ಖಾಸಗಿಯಾಗಿರಲಿ, ಅಲ್ಲಿಗೆ ಹೋಗುವ ದಾರಿ ಪಡಸಾಲೆಯಿಂದ ಕಾಣುತ್ತಿರಲಿ.

ಓಡಿಹೋಗುವುದರ ಬಗ್ಗೆ ಒಂದು ಮಾತು. ವೀಕ್ಷಣಾಲಯದಿಂದ ಮಕ್ಕಳು ಪರಾರಿ ಎಂದು ಪತ್ರಿಕೆಯಲ್ಲಿ ಸುದ್ದಿಯಾದ ವಾರದಲ್ಲೇ ಗೋಡೆ ಎತ್ತರಿಸಲು, ಮುಳ್ಳುತಂತಿ ಸುತ್ತಲು ಪ್ರಸ್ತಾವ ಹೊರಡುತ್ತದೆ. ಕಾಯ್ದೆಯ ದೃಷ್ಟಿ ಬೇರೆ. ಓಡಿಹೋದ ಮಗುವನ್ನು ಹುಡುಕಿ ಮಂಡಳಿಯ ಮುಂದೆ ತರಬೇಕು, ಏಕೆ ಓಡಿದೆ ಎಂದು ಕೇಳಬೇಕು. ಓಡಿದ್ದಕ್ಕಾಗಿ ಹೊಸ ಮೊಕದ್ದಮೆ ಹೂಡುವಂತಿಲ್ಲ (26ನೇ ಪ್ರಕರಣ). ಕಾರಣ ಕೇಳಿದರೆ ಸಿಗುವ ಉತ್ತರಗಳು ಕಟ್ಟಡದ ದೋಷಪಟ್ಟಿಯೂ ಆಗಬಹುದಲ್ಲ! ಏಟು, ಹಸಿವು, ಬೇಸರ, ಮನೆಯ ನೆನಪು: ಇವುಗಳಲ್ಲಿ ಗೋಡೆಯ ಎತ್ತರದಿಂದ ಸರಿಹೋಗುವುದು ಒಂದೂ ಇಲ್ಲ. ಸಂಸ್ಥೆಯ ಸಿಬ್ಬಂದಿ ಮಗುವಿಗೆ ದೈಹಿಕ ಶಿಕ್ಷೆ ಕೊಟ್ಟರೆ ಮೊದಲ ಸಲ 10,000 ರೂಪಾಯಿ ದಂಡ, ಮರುಕಳಿಸಿದರೆ 3 ತಿಂಗಳವರೆಗೆ ಸೆರೆ ಎಂದು 82ನೇ ಪ್ರಕರಣ ಹೇಳುತ್ತದೆ. ಬೀಗ ಹಾಕಿದ ಸರಳಿನ ಬಾಗಿಲಿಗೆ ಇನ್ನೊಂದು ಕೇಡಿದೆ: ಬೆಂಕಿ ಬಿದ್ದ ರಾತ್ರಿ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ಪ್ರಶ್ನೆ.

ನೆಲ, ನೀರು, ದಾರಿ

ಬೆಂಗಳೂರು ಜಿಲ್ಲೆಯಿಂದ 1986ರಲ್ಲಿ ಬೇರೆಯಾದ ಗ್ರಾಮಾಂತರ ಜಿಲ್ಲೆ 2007ರಲ್ಲಿ ರಾಮನಗರ ಹೊರಟುಹೋದ ಮೇಲೆ ನಾಲ್ಕು ತಾಲ್ಲೂಕಿಗೆ ಇಳಿಯಿತು. ರಾಜಧಾನಿಯ ಮೂರು ದಿಕ್ಕಿಗೆ ಬಾಗಿದ ಈ ಜಿಲ್ಲೆಯ ಕಚೇರಿಗಳು ಬಹುಕಾಲ ಬೆಂಗಳೂರು ನಗರದಲ್ಲೇ ಇದ್ದವು. ನಂತರ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಬಳಿ ಜಿಲ್ಲಾ ಆಡಳಿತ ಭವನ ಎದ್ದಿತು. ಮಕ್ಕಳ ವಿಷಯದಲ್ಲೂ ಜನರ ನಾಲಿಗೆಯ ಮೇಲಿರುವ ಹೆಸರು ಬೆಂಗಳೂರಿನ ಮಡಿವಾಳದ ಸರ್ಕಾರಿ ವೀಕ್ಷಣಾಲಯವೇ. ಬಾಲ ನ್ಯಾಯ ಕಾಯ್ದೆಯ 2021ರ ತಿದ್ದುಪಡಿಯ ನಂತರ ಮಕ್ಕಳ ಪಾಲನಾ ಸಂಸ್ಥೆಗಳ ಮೇಲ್ವಿಚಾರಣೆಯಲ್ಲಿ ಜಿಲ್ಲಾಧಿಕಾರಿಯ ಹೊಣೆ ಹೆಚ್ಚಿದೆ. ಹಾಗಿರುವಾಗ ಸಂಸ್ಥೆಯೂ ಜಿಲ್ಲಾಧಿಕಾರಿಯ ಕಣ್ಣಳತೆಯಲ್ಲಿರುವುದು ಒಳ್ಳೆಯದು.

ಎಲ್ಲಿ ಕಟ್ಟಬೇಕು? ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 648 ಜಿಲ್ಲೆಯ ಉದ್ದಕ್ಕೂ ಹಾದುಹೋಗುತ್ತದೆ. ಈ ರಸ್ತೆಯಲ್ಲಿ ಬಸ್ಸು ಹಿಡಿದರೆ ರಾಜಧಾನಿಯ ದಟ್ಟಣೆಗೆ ಇಳಿಯದೆ ದೇವನಹಳ್ಳಿ–ದೊಡ್ಡಬಳ್ಳಾಪುರ ಸೀಮೆ ಮುಟ್ಟಬಹುದು. ನೆಲಮಂಗಲದ ದಕ್ಷಿಣ ಹಳ್ಳಿಗಳವರಿಗೆ ಮಾತ್ರ ಇದು ಸುತ್ತು. ವಾರಕ್ಕೊಮ್ಮೆ ಅಪ್ಪ ಅಮ್ಮ ಬಂದು ಹೋಗುವುದು ಹುಡುಗನ ಮುಂದಿನ ಬದುಕಿಗೆ ಯಾವ ಕೌಶಲ ತರಬೇತಿಗಿಂತ ಕಡಿಮೆಯದಲ್ಲ. ಆದ್ದರಿಂದ ನಿವೇಶನದ ಮೊದಲ ಅರ್ಹತೆ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ.

ಜಾಗ ಸಿಗುವುದು ಸುಲಭವಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಭೂಮಿಯ ಬೆಲೆ ಏನಾಗಿದೆ ಎಂಬುದು ಎಲ್ಲರಿಗೂ ಗೊತ್ತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿ, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ದೊಡ್ಡ ಆವರಣದ ಆಸೆ ಬಿಡಲು ಇದೂ ಒಂದು ಕಾರಣ. ಸಣ್ಣ ಮನೆಗಳಿಗೆ, ಆಟದ ಬಯಲನ್ನೂ ಸೇರಿಸಿ, ಎರಡು ಮೂರು ಎಕರೆ ಸಾಕು.

ನೀರಿನ ಲೆಕ್ಕ ಇನ್ನೂ ಬಿಗಿ. ನಾಲ್ಕೂ ತಾಲ್ಲೂಕುಗಳಲ್ಲಿ ಅಂತರ್ಜಲದ ಬಳಕೆ ಮರುಪೂರಣವನ್ನು ಮೀರಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯಾಗಲಿ ಹೊಸಕೋಟೆಯ ಕಡೆಯ ದಕ್ಷಿಣ ಪಿನಾಕಿನಿಯಾಗಲಿ ವರ್ಷವಿಡೀ ಹರಿಯುವ ನದಿಗಳಲ್ಲ. ತಲಾ 135 ಲೀಟರಿನ ಮಾನದಂಡದಂತೆ 50 ಮಕ್ಕಳಿಗೆ ದಿನಕ್ಕೆ 6,750 ಲೀಟರ್ ಬೇಕು. ಸುಮಾರು 800 ಮಿಲಿಮೀಟರ್ ವಾರ್ಷಿಕ ಮಳೆಯ ಈ ಪ್ರದೇಶದಲ್ಲಿ, ಒಂದೇ ಅಂತಸ್ತಿನ 8,500 ಚದರಡಿ ಮಾಡಿನ ಮೇಲೆ ಬಿದ್ದ ಮಳೆಯಲ್ಲಿ ನೂರಕ್ಕೆ 80ರಷ್ಟು ಹಿಡಿದರೂ ವರ್ಷಕ್ಕೆ ಸಿಗುವುದು ಸುಮಾರು 5 ಲಕ್ಷ ಲೀಟರ್, ಅಂದರೆ ಅಗತ್ಯದ ಐದನೇ ಒಂದು ಪಾಲು. ಉಳಿದದ್ದಕ್ಕೆ ಪಟ್ಟಣದ ನಲ್ಲಿ ನೀರು ಬರುವ ಅಂಚಿನಲ್ಲೇ ಮನೆ ಕಟ್ಟಬೇಕು. ಊರಾಚೆ ಎಲ್ಲೋ ಗೋಮಾಳದಲ್ಲಿ ಕಟ್ಟಿ ಕೊಳವೆಬಾವಿ ನಂಬಿದರೆ ಬೇಸಿಗೆಯಲ್ಲಿ ಟ್ಯಾಂಕರ್ ಬರುವ ದಿನ ಮಾತ್ರ ಸ್ನಾನ. ಹದಿಹರೆಯದ ಹುಡುಗರ ಮನೆಯಲ್ಲಿ ಸ್ನಾನಕ್ಕೆ ಸರದಿ ಬಿದ್ದರೆ ಮೊದಲ ಹೊಡೆದಾಟ ಅಲ್ಲೇ.

ಕಟ್ಟುವ ಸಾಮಗ್ರಿಗೆ ಬರವಿಲ್ಲ. ದೇವನಹಳ್ಳಿ ತಾಲ್ಲೂಕಿನ ಕೊಯಿರದ ಬೂದುಗಲ್ಲು ಹೆಸರಾದದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ, ಸುಡದೆ ಒತ್ತಿ ಮಾಡುವ ಸ್ಥಿರೀಕೃತ ಮಣ್ಣಿನ ಇಟ್ಟಿಗೆಗೆ ಈ ಕೆಮ್ಮಣ್ಣು ಒಗ್ಗುತ್ತದೆ. ಒತ್ತುವ ಯಂತ್ರವೂ ಗಾರೆ ಕೆಲಸವೂ 16 ದಾಟಿದವರಿಗೆ ಕಲಿಸಬಹುದಾದ ಕಸುಬುಗಳೇ. ಮಾರುಕಟ್ಟೆಯಲ್ಲಿ ಕೇಳುವವರೇ ಇಲ್ಲದ ಮೇಣದಬತ್ತಿ, ಫಿನಾಯಿಲ್ ತಯಾರಿಕೆಯನ್ನೇ ‘ವೃತ್ತಿ ತರಬೇತಿ’ ಎಂದು ನಡೆಸಿಕೊಂಡು ಹೋಗುವುದಕ್ಕಿಂತ ಇದು ಮೇಲು. ತೋಟಕ್ಕೆ ಚಕ್ಕೋತ ಇದೆ, ದ್ರಾಕ್ಷಿ ಇದೆ, ನೀರಿದ್ದರೆ.

ಹೊರನಾಡಿನ ಮಾದರಿಗಳು

ಫ್ರಾನ್ಸಿನ ಮೆಟ್ರೆಯಲ್ಲಿ 1840ರಲ್ಲಿ ತೆರೆದ ಬೇಸಾಯದ ವಸಾಹತು ಹುಡುಗರನ್ನು ‘ಕುಟುಂಬ’ಗಳಾಗಿ ಸಣ್ಣ ಮನೆಗಳಲ್ಲಿ ಇರಿಸಿ ಯುರೋಪಿನಲ್ಲೆಲ್ಲ ಹೊಗಳಿಸಿಕೊಂಡಿತು. ಮಿಷೆಲ್ ಫುಕೋ ಮುಂದೆ ಅದರಲ್ಲೇ ಆಧುನಿಕ ಸೆರೆಯ ಪೂರ್ಣರೂಪ ಕಂಡರು: ಮನೆಯ ಆಕಾರವಿದ್ದರೂ ದಿನದ ಪ್ರತಿ ಗಂಟೆಯೂ ಕಟ್ಟಳೆ. ಸಣ್ಣ ಮನೆ ತಂತಾನೇ ಒಳ್ಳೆಯದಲ್ಲ ಎಂಬ ಎಚ್ಚರಿಕೆಗೆ ಈ ಉದಾಹರಣೆ ಬೇಕು. ಅಮೆರಿಕದ ಮಿಸೌರಿ ರಾಜ್ಯ 1983ರಲ್ಲಿ ಬೂನ್‌ವಿಲ್‌ನ ದೊಡ್ಡ ಸಂಸ್ಥೆಯನ್ನು ಮುಚ್ಚಿ, ಹತ್ತು ಹನ್ನೆರಡು ಮಕ್ಕಳ ಗುಂಪುಗಳ ಸಣ್ಣ ಕೇಂದ್ರಗಳನ್ನು ಊರೂರಿಗೆ ಹಂಚಿತು. ನಾರ್ವೆಯ ಕಿರಿಯರ ಘಟಕಗಳು ಇನ್ನೂ ಸಣ್ಣವು, ತಲಾ ನಾಲ್ಕೇ ಜನಕ್ಕೆ ಯೋಜಿಸಿದವು. ಅಷ್ಟು ಸಿಬ್ಬಂದಿಯ ಖರ್ಚು ಇಲ್ಲಿ ಸಾಧ್ಯವಿಲ್ಲ. ಮಿಸೌರಿಯ ಅಳತೆ ಸಾಧ್ಯ.

ಹುಡುಗಿಯರು

ಸಂಖ್ಯೆ ತೀರಾ ಕಡಿಮೆಯಿರುವುದೇ ಇವರ ಪಾಲಿಗೆ ತೊಂದರೆಯಾಗಿದೆ. ಪ್ರತ್ಯೇಕ ಮನೆ ಪ್ರತಿ ಜಿಲ್ಲೆಯಲ್ಲಿ ಇರದ ಕಾರಣ ಹುಡುಗಿಯನ್ನು ದೂರದ ಊರಿಗೆ ಕಳಿಸಬೇಕಾಗುತ್ತದೆ. ಹುಡುಗನಿಗೆ ಸಿಗುವ ವಾರದ ಭೇಟಿ ಅವಳಿಗೆ ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು. ಮಂಡಳಿ ‘ಯೋಗ್ಯ ವ್ಯಕ್ತಿ’ ಅಥವಾ ‘ಯೋಗ್ಯ ಸೌಲಭ್ಯ’ ಎಂದು ಗುರುತಿಸಿದವರ ಬಳಿ ಇರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಇಬ್ಬರು ಮೂವರು ಹುಡುಗಿಯರಿಗಾಗಿ ಕಟ್ಟಡ ಕಟ್ಟುವ ಬದಲು ಈ ಅವಕಾಶವನ್ನು ಬಳಸುವುದೇ ಸರಿಯಾದ ವಿನ್ಯಾಸ.

ಹೊರಬಂದ ಮೇಲೆ

ಮಿಕ್ಕಿರುವುದು ಕಟ್ಟಡದ ಹೊಸ್ತಿಲಾಚೆಯದು, ಆದರೂ ನಕ್ಷೆಯಲ್ಲಿ ಅದಕ್ಕೆ ಜಾಗ ಬೇಕು. ಸಂಸ್ಥೆಯಲ್ಲಿದ್ದು 18 ತುಂಬಿದವರಿಗೆ 21ರವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ಅನುಪಾಲನೆಯ ನೆರವು ಕೊಡಲು ನಿಯಮಗಳಿವೆ. ಮನೆಯ ಮುಂಭಾಗದಲ್ಲಿ, ರಸ್ತೆಗೆ ಸ್ವಂತ ಬಾಗಿಲಿರುವ ಮೂರು ನಾಲ್ಕು ಕೋಣೆಗಳಿದ್ದರೆ ಬಿಡುಗಡೆ ಹತ್ತಿರವಾದವರು ಹಗಲು ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲೋ ಐಟಿಐಯಲ್ಲೋ ಇದ್ದು ರಾತ್ರಿ ಮಲಗಲು ಬರಬಹುದು. ಕೋರಮಂಗಲದಲ್ಲಿ ವಯಸ್ಕರಿಗೆ ಕೊಟ್ಟ ನಂಬಿಕೆಯ ಕಿರಿಯರ ರೂಪ ಇದೇ.

ಕೆಲಸಕ್ಕೆ ಸೇರುವಾಗ ಹಳೆಯ ಪ್ರಕರಣ ಅಡ್ಡ ಬರಬಾರದು ಎಂಬುದು ಬಾಲ ನ್ಯಾಯ ಕಾಯ್ದೆಯ 24ನೇ ಪ್ರಕರಣದ ಉದ್ದೇಶ. ಮಂಡಳಿಯ ಮುಂದೆ ಮೊಕದ್ದಮೆ ತೀರ್ಮಾನವಾದ ಮಗುವಿಗೆ ಆ ಕಾರಣದಿಂದ ಯಾವ ಅನರ್ಹತೆಯೂ ತಟ್ಟುವುದಿಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆ ನಾಶಪಡಿಸಬೇಕು. 16 ದಾಟಿದ್ದು, ಘೋರ ಅಪರಾಧದಲ್ಲಿ ವಯಸ್ಕನೆಂದು ವಿಚಾರಣೆಗೊಳಗಾಗಿ ಮಕ್ಕಳ ನ್ಯಾಯಾಲಯದಲ್ಲಿ ತಪ್ಪಿತಸ್ಥನಾದವನಿಗೆ ಈ ರಕ್ಷಣೆ ಇಲ್ಲ, ಅವನ ದಾಖಲೆ ಉಳಿಯುತ್ತದೆ. 21ರವರೆಗೆ ಸುರಕ್ಷತಾ ಸ್ಥಳದಲ್ಲಿದ್ದು ಹೊರಬರುವ ಇಂಥ ಯುವಕನಿಗೆ, ದೇವನಹಳ್ಳಿ ಸೀಮೆಯಲ್ಲಿ ಈಗ ಹೇರಳವಾಗಿರುವ ವಿಮಾನ ನಿಲ್ದಾಣದ ಕೆಲಸಗಳು ಪೊಲೀಸ್ ಪರಿಶೀಲನೆಯ ಹಂತದಲ್ಲೇ ತಪ್ಪಿಹೋಗುವ ಸಂಭವ ಹೆಚ್ಚು. ಹಾಗಾಗಿ ಸುರಕ್ಷತಾ ಸ್ಥಳದ ಕಾರ್ಯಾಗಾರದಲ್ಲಿ ಅವನಿಗೆ ಕಲಿಸಬೇಕಾದದ್ದು ಪರಿಶೀಲನೆಯ ಪತ್ರ ಕೇಳದ ಕಸುಬು: ಗಾರೆ, ವೈರಿಂಗ್, ಮಗ್ಗ, ಟ್ರ್ಯಾಕ್ಟರ್ ರಿಪೇರಿ.